ಸೂಪರ್‌ಕಂಪ್ಯೂಟರ್, ಕಂಟೇನರ್, ಸಂಶೋಧನಾ ದತ್ತಾಂಶ: ಕೊಡಗಿನ ಜೀವವಿಜ್ಞಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಜೀವವಿಜ್ಞಾನದ ಸಂಶೋಧನೆ ಹೊಸದಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಮತ್ತು ಕಿತ್ತಳೆಯ ಮೇಲೆ, ಅಪ್ಪಂಗಳದಲ್ಲಿ ಏಲಕ್ಕಿ ಮತ್ತು ಕಾಳುಮೆಣಸಿನ ಮೇಲೆ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಕಾಡು ಮತ್ತು ಮರಗಳ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜೂ ಇದೆ. ಈಗ ಬದಲಾಗಿರುವುದು ದತ್ತಾಂಶದ ಗಾತ್ರ. ಗಿಡದ ಎಲೆಯೊಂದರ ಡಿಎನ್‌ಎಯನ್ನು ಸೀಕ್ವೆನ್ಸಿಂಗ್‌ಗೆ ಕಳುಹಿಸಿದರೆ ಕೆಲವು ವಾರಗಳಲ್ಲಿ ಕೈಗೆ ಬರುವ ಹಾರ್ಡ್ ಡಿಸ್ಕನ್ನು ವಿಭಾಗದ ಕಂಪ್ಯೂಟರ್ ತೆರೆಯಬಲ್ಲದೇ ಹೊರತು ವಿಶ್ಲೇಷಿಸಲಾರದು. ಆ ಹಂತದಲ್ಲಿ ನಿಂತುಹೋಗುವ ಕೆಲಸಗಳನ್ನು ಮುಂದಕ್ಕೆ ಸಾಗಿಸುವುದೇ ದತ್ತಾಂಶ ನಿರ್ವಹಣೆ, ಕಂಟೇನರ್ ಮತ್ತು ಸೂಪರ್‌ಕಂಪ್ಯೂಟರ್ ಬಳಕೆಯನ್ನು ಕಲಿಸುವ ಈ ತರಬೇತಿಯ ಉದ್ದೇಶ. ಸೇರುವ ಮುನ್ನ ಹಲವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ತರಬೇತಿ ಯಾರಿಗಾಗಿ?

ಪ್ರಯೋಗಾಲಯದಲ್ಲಿ, ತೋಟದಲ್ಲಿ ಅಥವಾ ಕಾಡಿನಲ್ಲಿ ಮಾದರಿಗಳನ್ನು ಸಂಗ್ರಹಿಸಿ ಕೆಲಸ ಮಾಡುವ, ಆದರೆ ಕಂಪ್ಯೂಟರ್ ವಿಜ್ಞಾನವನ್ನು ವಿಷಯವಾಗಿ ಓದಿರದ ಎಲ್ಲರಿಗೂ ಇದು ಸಲ್ಲುತ್ತದೆ. ಎಂ.ಎಸ್ಸಿ. ವಿದ್ಯಾರ್ಥಿಗಳು, ಪಿಎಚ್.ಡಿ. ಅಭ್ಯರ್ಥಿಗಳು, ಕಾಲೇಜು ಅಧ್ಯಾಪಕರು, ಸಂಶೋಧನಾ ಕೇಂದ್ರಗಳ ವಿಜ್ಞಾನಿಗಳು ಮತ್ತು ತಾಂತ್ರಿಕ ಸಹಾಯಕರು ಬರಬಹುದು. ಒಂದೇ ಪ್ರಯೋಗಾಲಯದಿಂದ ಇಬ್ಬರು ಜೊತೆಯಾಗಿ ಬಂದರೆ ಬಹಳ ಒಳ್ಳೆಯದು. ಒಬ್ಬರೇ ಕಲಿತುಹೋದ ವಿದ್ಯೆ ಅವರ ಪಿಎಚ್.ಡಿ. ಮುಗಿಯುತ್ತಿದ್ದಂತೆ ಅವರೊಂದಿಗೇ ಹೊರಟುಹೋಗುತ್ತದೆ. ಇಬ್ಬರು ಕಲಿತರೆ ಅದು ಪ್ರಯೋಗಾಲಯದಲ್ಲಿ ನೆಲೆಸುತ್ತದೆ. ಮಾರ್ಗದರ್ಶಕರು ಮೊದಲ ದಿನದ ಮಟ್ಟಿಗಾದರೂ ಬಂದು ಕುಳಿತುಕೊಳ್ಳಬೇಕೆಂದು ನಾವು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇವೆ, ಏಕೆಂದರೆ ದತ್ತಾಂಶವನ್ನು ಎಲ್ಲಿಡಬೇಕು, ಯಾರಿಗೆ ಕೊಡಬೇಕು ಎಂಬ ತೀರ್ಮಾನಗಳು ವಿದ್ಯಾರ್ಥಿಯ ಕೈಯಲ್ಲಿರುವುದಿಲ್ಲ.

ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ತರಬೇತಿಯಲ್ಲಿ ಏಕೆ ಸೇರಿಸಿದ್ದೀರಿ?

ಅವು ಬೇರೆ ಬೇರೆಯಾಗಿ ಕಾಣುವುದು ಪಠ್ಯಕ್ರಮದಲ್ಲಿ ಮಾತ್ರ. ಏಲಕ್ಕಿಯ ಕಟ್ಟೆ ರೋಗದ ವೈರಸ್ಸಿನ ತಳಿಭೇದಗಳನ್ನು ಹೋಲಿಸಲು ಹೊರಟವರನ್ನು ನೆನೆಯಿರಿ. ಯಾವ ಎಲೆ ಯಾವ ತೋಟದ್ದು ಎಂಬ ದಾಖಲೆ ಸರಿಯಿಲ್ಲದಿದ್ದರೆ ಎಷ್ಟೇ ದೊಡ್ಡ ಕಂಪ್ಯೂಟರ್ ಸಿಕ್ಕಿದರೂ ಉತ್ತರ ತಪ್ಪೇ ಬರುತ್ತದೆ. ದಾಖಲೆ ಸರಿಯಿದ್ದು, ಬಳಸಿದ ತಂತ್ರಾಂಶದ ಆವೃತ್ತಿ ಯಾವುದೆಂದು ತಿಳಿಯದಿದ್ದರೆ ಮುಂದಿನ ವರ್ಷ ಅದೇ ಉತ್ತರವನ್ನು ಮತ್ತೆ ಪಡೆಯಲಾಗುವುದಿಲ್ಲ. ಇವೆರಡೂ ಸರಿಯಿದ್ದಾಗಲೇ ಸೂಪರ್‌ಕಂಪ್ಯೂಟರ್‌ನ ವೇಗಕ್ಕೆ ಅರ್ಥ ಬರುತ್ತದೆ.

ಆದ್ದರಿಂದ ಹೆಸರಿನಲ್ಲಿ ಸೂಪರ್‌ಕಂಪ್ಯೂಟರ್ ಮೊದಲಿದ್ದರೂ ಕಲಿಸುವಾಗ ಅದನ್ನು ಕೊನೆಗೆ ಇಡುತ್ತೇವೆ: ಮೊದಲು ದತ್ತಾಂಶ, ನಂತರ ಕಂಟೇನರ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರೊಂದಿಗೆ ಕಟ್ಟಿಟ್ಟ ಕಡತ), ಆಮೇಲೆ ಸೂಪರ್‌ಕಂಪ್ಯೂಟರ್. ದೊಡ್ಡ ಯಂತ್ರವನ್ನು ನೋಡುವ ಉತ್ಸಾಹದಲ್ಲಿ ಬಂದವರಿಗೆ ಈ ಕ್ರಮ ಆರಂಭದಲ್ಲಿ ನಿಧಾನವೆನಿಸಬಹುದು. ಆದರೂ ಇದನ್ನು ನಾವು ಬದಲಿಸುವುದಿಲ್ಲ.

ನನ್ನ ಬಳಿ ಒಳ್ಳೆಯ ಲ್ಯಾಪ್‌ಟಾಪ್ ಇದೆ. ಸೂಪರ್‌ಕಂಪ್ಯೂಟರ್ ನಿಜಕ್ಕೂ ಬೇಕೇ?

ಎಲ್ಲರಿಗೂ ಬೇಕಿಲ್ಲ, ಮತ್ತು ಬೇಡವಾದವರಿಗೆ ಬೇಡವೆಂದೇ ಹೇಳುತ್ತೇವೆ. ಒಂದೆರಡು ಜೀನ್‌ಗಳ ಅನುಕ್ರಮವನ್ನು ಹೋಲಿಸಿ ವಂಶವೃಕ್ಷ ಬರೆಯುವುದು, ವೈರಸ್ಸಿನಂಥ ಚಿಕ್ಕ ಜೀನೋಮ್ ಜೋಡಿಸುವುದು, ನೂರಾರು ಸಾಲುಗಳ ಕ್ಷೇತ್ರ ಅವಲೋಕನಗಳ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ, ಇವೆಲ್ಲ ಲ್ಯಾಪ್‌ಟಾಪ್‌ನಲ್ಲಿ ಆಗುವ ಕೆಲಸಗಳು.

ಕಾಫಿಯ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ರೊಬಸ್ಟಾದ ಜೀನೋಮ್ ಸುಮಾರು 71 ಕೋಟಿ ಡಿಎನ್‌ಎ ಅಕ್ಷರಗಳದ್ದು, ಅಂದರೆ ಬೇಸ್‌ಗಳದ್ದು. ಅದರ ಕರಡು ಅನುಕ್ರಮ 2014ರಲ್ಲಿ ಪ್ರಕಟವಾಯಿತು. ಅರೇಬಿಕಾದ ಜೀನೋಮ್ ಹೆಚ್ಚುಕಡಿಮೆ 120 ಕೋಟಿ ಬೇಸ್‌ಗಳಷ್ಟು ದೊಡ್ಡದು. ಅರೇಬಿಕಾ ಹುಟ್ಟಿದ್ದು ರೊಬಸ್ಟಾ ಮತ್ತು ಯೂಜೆನಿಯಾಯ್ಡಿಸ್ ಎಂಬ ಎರಡು ಕಾಫಿ ಪ್ರಭೇದಗಳ ಸಂಕರದಿಂದ. ಹೀಗಾಗಿ ಅದರ 44 ಕ್ರೋಮೋಸೋಮ್‌ಗಳಲ್ಲಿ ಪರಸ್ಪರ ಹೋಲುವ ಎರಡು ಉಪಜೀನೋಮ್‌ಗಳು ಒಟ್ಟಿಗಿವೆ, ಮತ್ತು ಓದಿದ ತುಣುಕು ಯಾವ ಉಪಜೀನೋಮ್‌ಗೆ ಸೇರಿದ್ದು ಎಂದು ತೀರ್ಮಾನಿಸುವುದೇ ಲೆಕ್ಕಾಚಾರವನ್ನು ಭಾರವಾಗಿಸುತ್ತದೆ. ಎಲೆ ತುಕ್ಕು ರೋಗವನ್ನು ತಡೆಯಬಲ್ಲ ಗಿಡಗಳನ್ನು ಹುಡುಕಲು ಒಂದೊಂದು ಗಿಡದ ಜೀನೋಮನ್ನೂ ಮೂವತ್ತು ಪಟ್ಟು ಓದಿಸಿದರೆ ಗಿಡವೊಂದಕ್ಕೆ 3,600 ಕೋಟಿ ಬೇಸ್‌ಗಳಾಗುತ್ತವೆ, ಅಂದರೆ ಕುಗ್ಗಿಸಿದ ಕಡತದಲ್ಲೂ ಇಪ್ಪತ್ತರಿಂದ ಮೂವತ್ತು ಗಿಗಾಬೈಟ್. ನಲವತ್ತು ಗಿಡಗಳಾದರೆ ಒಂದು ಟೆರಾಬೈಟ್‌ನಷ್ಟು ದತ್ತಾಂಶ ಕೂಡುತ್ತದೆ.

ಗಾತ್ರದ ಜೊತೆಗೆ ಮೆಮೊರಿಯ ಮಿತಿಯೂ ಇದೆ. ಆರ್‌ಎನ್‌ಎ ತುಣುಕುಗಳನ್ನು ಜೀನೋಮ್‌ಗೆ ಹೊಂದಿಸುವ ಸ್ಟಾರ್ ಎಂಬ ತಂತ್ರಾಂಶಕ್ಕೆ ಮಾನವ ಜೀನೋಮ್‌ನೊಂದಿಗೆ ಕೆಲಸ ಮಾಡಲು ಸುಮಾರು 30 ಗಿಗಾಬೈಟ್ ಮೆಮೊರಿ ಬೇಕು. ಎಂಟು ಗಿಗಾಬೈಟ್ ಮೆಮೊರಿಯ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ದಿನ ಕಾದರೂ ಆ ಕೆಲಸ ಮುಗಿಯುವುದಿಲ್ಲ.

ಸೂಪರ್‌ಕಂಪ್ಯೂಟರ್ ಕೊಡಗಿನಲ್ಲಿ ಇಲ್ಲವಲ್ಲ, ಬಳಸುವುದು ಹೇಗೆ?

ಅದರ ಪಕ್ಕದಲ್ಲಿ ಕುಳಿತು ಬಳಸುವವರು ಯಾರೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಇರುವ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್‌ನ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಮೂರು ಸಾವಿರದ ಮುನ್ನೂರು ಲಕ್ಷ ಕೋಟಿ ಗಣಿತ ಕ್ರಿಯೆಗಳು. ಆ ಸಂಸ್ಥೆಯ ಆವರಣದಲ್ಲೇ ಇರುವ ಸಂಶೋಧಕರೂ ತಮ್ಮ ಮೇಜಿನಿಂದ ಜಾಲದ ಮೂಲಕವೇ ಅದನ್ನು ತಲುಪುತ್ತಾರೆ. ಸೋಮವಾರಪೇಟೆಯಿಂದ ಬಳಸುವವರು ಮಾಡುವುದೂ ಅದನ್ನೇ. ತಮ್ಮ ಕಂಪ್ಯೂಟರ್‌ನ ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ಸುರಕ್ಷಿತ ಸಂಪರ್ಕದ ಮೂಲಕ ಲಾಗಿನ್ ಆಗಿ, ಮಾಡಬೇಕಾದ ಕೆಲಸವನ್ನು ಒಂದು ಚಿಕ್ಕ ಕಡತದಲ್ಲಿ ಬರೆದು ಸರದಿಗೆ ಸೇರಿಸುವುದು.

ದೇಶದಲ್ಲಿ ಈ ಪರಂಪರೆ 1988ರಲ್ಲಿ ಆರಂಭವಾದ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆಯಿಂದ, ಅದು 1991ರಲ್ಲಿ ರೂಪಿಸಿದ ಪರಮ್ 8000 ಯಂತ್ರದಿಂದ ಬಂದದ್ದು. 2015ರಲ್ಲಿ ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ಅನುಮೋದನೆ ನೀಡಿದ ಮೇಲೆ ಐಐಟಿಗಳಲ್ಲೂ ಇತರ ಸಂಸ್ಥೆಗಳಲ್ಲೂ ಇಂಥ ಯಂತ್ರಗಳು ಬಂದವು. ಸಿ-ಡ್ಯಾಕ್‌ನ ಬೆಂಗಳೂರು ಕೇಂದ್ರದಲ್ಲಿ ಪರಮ್ ಉತ್ಕರ್ಷ್ ಇದೆ. ಇದೇ ಮಿಷನ್ ಅಡಿಯಲ್ಲಿ ಖರಗ್‌ಪುರ, ಮದ್ರಾಸ್, ಗೋವಾ ಮತ್ತು ಪಾಲಕ್ಕಾಡ್ ಐಐಟಿಗಳು ತರಬೇತಿಯ ನೋಡಲ್ ಕೇಂದ್ರಗಳಾಗಿವೆ. ಹೊರಗಿನ ಸಂಶೋಧಕರಿಗೆ ಖಾತೆ ಕೊಡುವ ನಿಯಮಗಳು ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ಅರ್ಜಿಯಲ್ಲಿ ಸಾಮಾನ್ಯವಾಗಿ ಮಾರ್ಗದರ್ಶಕರ ಹೆಸರು, ಸಂಶೋಧನೆಯ ವಿವರ, ಬೇಕಾಗುವ ಕೋರ್-ಗಂಟೆಗಳು (ಪ್ರೊಸೆಸರ್‌ನ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ಸಂಖ್ಯೆಯನ್ನು ಗಂಟೆಗಳಿಂದ ಗುಣಿಸಿದ್ದು) ಮತ್ತು ಸಂಗ್ರಹಣಾ ಜಾಗದ ಅಂದಾಜು ಇರಬೇಕಾಗುತ್ತದೆ. ಈ ಅಂದಾಜನ್ನು ಊಹೆಯಿಂದ ಬರೆಯದೆ, ಒಂದು ಮಾದರಿಯನ್ನು ಓಡಿಸಿ ನೋಡಿ, ಹಿಡಿದ ಸಮಯವನ್ನು ಅಳೆದು ಬರೆಯುವುದನ್ನು ತರಬೇತಿಯಲ್ಲೇ ಮಾಡಿಸುತ್ತೇವೆ.

ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಮಧ್ಯದಲ್ಲಿ ಸಂಪರ್ಕ ಕಡಿದರೆ ಕೆಲಸ ಹಾಳಾಗುವುದಿಲ್ಲವೇ?

ಇದು ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ. ಸರದಿಗೆ ಸೇರಿಸಿದ ಕೆಲಸಕ್ಕೂ ನಿಮ್ಮ ಲ್ಯಾಪ್‌ಟಾಪ್‌ಗೂ ಆಮೇಲೆ ಸಂಬಂಧವಿರುವುದಿಲ್ಲ. ಜುಲೈ ತಿಂಗಳ ಗಾಳಿಗೆ ಮರ ಬಿದ್ದು ಭಾಗಮಂಡಲದಲ್ಲಿ ಎರಡು ದಿನ ಕರೆಂಟು ಹೋದರೂ ಬೆಂಗಳೂರಿನಲ್ಲಿ ನಿಮ್ಮ ಕೆಲಸ ನಡೆಯುತ್ತಲೇ ಇರುತ್ತದೆ. ಸಂಪರ್ಕ ಮರಳಿದಾಗ ಲಾಗಿನ್ ಆಗಿ ಫಲಿತಾಂಶ ನೋಡಿದರಾಯಿತು. ವಾರಗಟ್ಟಲೆ ಓಡುವ ವಿಶ್ಲೇಷಣೆಯನ್ನು ಮನೆಯ ಯಂತ್ರದಲ್ಲಿ ಮಾಡುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಆದರೆ ಲಾಗಿನ್ ಆಗಿರುವಾಗಲೇ ನೇರವಾಗಿ ಟೈಪ್ ಮಾಡಿ ಆರಂಭಿಸಿದ ಕೆಲಸ ಸಂಪರ್ಕದೊಂದಿಗೇ ಸಾಯುತ್ತದೆ. ಅದಕ್ಕಾಗಿ ಟಿಮಕ್ಸ್ ಅಥವಾ ಸ್ಕ್ರೀನ್ ಎಂಬ ಉಪಕರಣಗಳನ್ನು ಮೊದಲ ವಾರದಲ್ಲೇ ಕಲಿಸುತ್ತೇವೆ. ಇವುಗಳೊಳಗೆ ತೆರೆದ ಅಧಿವೇಶನ ಸಂಪರ್ಕ ಕಡಿದರೂ ಆ ಕಡೆ ಜೀವಂತವಾಗಿರುತ್ತದೆ. ಕಡತ ಕಳುಹಿಸಲು ಆರ್‌ಸಿಂಕ್ ಬಳಸಿದರೆ ಈಗಾಗಲೇ ತಲುಪಿದ ಕಡತಗಳನ್ನು ಮತ್ತೆ ಕಳುಹಿಸಬೇಕಾಗಿಲ್ಲ, ಸೂಕ್ತ ಆಯ್ಕೆ ಕೊಟ್ಟರೆ ಅರ್ಧಕ್ಕೆ ನಿಂತ ಕಡತವೂ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ನಿಜವಾದ ತೊಡಕು ದೊಡ್ಡ ದತ್ತಾಂಶವನ್ನು ಮೇಲಕ್ಕೆ ಕಳುಹಿಸುವುದರಲ್ಲಿದೆ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗವಿರುವ ಸಂಪರ್ಕದಲ್ಲಿ 25 ಗಿಗಾಬೈಟ್ ಹೋಗಲು ಐದೂವರೆ ಗಂಟೆ ಬೇಕು. ಮೇಲೆ ಹೇಳಿದ ನಲವತ್ತು ಗಿಡಗಳ ದತ್ತಾಂಶಕ್ಕೆ ಒಂದು ಕ್ಷಣವೂ ನಿಲ್ಲದೆ ಓಡಿದರೂ ಒಂಬತ್ತು ದಿನಗಳಿಗಿಂತ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಸೀಕ್ವೆನ್ಸಿಂಗ್ ಮಾಡುವ ಪ್ರಯೋಗಾಲಯದವರು ದತ್ತಾಂಶವನ್ನು ನೇರವಾಗಿ ಸೂಪರ್‌ಕಂಪ್ಯೂಟರ್ ಕೇಂದ್ರದ ನಿಮ್ಮ ಖಾತೆಗೆ ಸೇರಿಸುವಂತೆ, ಅಥವಾ ನೀವು ಅಲ್ಲಿಂದಲೇ ಇಳಿಸಿಕೊಳ್ಳುವಂತೆ ಒಪ್ಪಂದದ ಹಂತದಲ್ಲೇ ಮಾತಾಡಿಕೊಳ್ಳಿ. ಕೊಡಗಿಗೆ ಬರಬೇಕಾದದ್ದು ಕೊನೆಯ ಕೋಷ್ಟಕಗಳು ಮತ್ತು ಚಿತ್ರಗಳು ಮಾತ್ರ, ಮತ್ತು ಅವು ಕೆಲವೇ ಮೆಗಾಬೈಟ್‌ಗಳಿರುತ್ತವೆ.

ಸಾವಿರ ಕೋರ್ ಕೇಳಿದರೆ ಕೆಲಸ ಸಾವಿರ ಪಟ್ಟು ಬೇಗ ಆಗುತ್ತದೆಯೇ?

ಆಗುವುದಿಲ್ಲ. ಯಾವುದೇ ಲೆಕ್ಕಾಚಾರದಲ್ಲಿ ಹಂಚಿಕೊಂಡು ಮಾಡಬಹುದಾದ ಭಾಗವೂ ಒಂದರ ನಂತರ ಒಂದರಂತೆಯೇ ಆಗಬೇಕಾದ ಭಾಗವೂ ಇರುತ್ತವೆ. ತೋಟಕ್ಕೆ ಕೊಯ್ಲಿನ ಆಳುಗಳನ್ನು ದುಪ್ಪಟ್ಟು ಕರೆತಂದರೆ ಹಣ್ಣು ಕೊಯ್ಯುವುದು ಬೇಗ ಮುಗಿಯಬಹುದು, ಕಣದಲ್ಲಿ ಒಣಗಬೇಕಾದ ಕಾಫಿ ಮಾತ್ರ ಬಿಸಿಲು ಕೊಟ್ಟಷ್ಟು ದಿನ ಒಣಗಲೇಬೇಕು. ಕೆಲಸದ ಹತ್ತನೆಯ ಒಂದು ಭಾಗ ಹಂಚಲಾಗದ್ದಾದರೆ ಎಷ್ಟು ಸಾವಿರ ಕೋರ್ ಕೊಟ್ಟರೂ ವೇಗ ಹತ್ತು ಪಟ್ಟನ್ನು ಮೀರದು ಎಂದು 1967ರಲ್ಲಿ ಮಂಡಿಸಲಾದ ಮಾತು ಆಮ್‌ಡಾಲ್ ನಿಯಮವೆಂದೇ ಹೆಸರಾಗಿದೆ.

ಜೀವವಿಜ್ಞಾನಿಗಳಿಗೆ ಇದರಲ್ಲಿ ಒಂದು ಅನುಕೂಲವಿದೆ. ನಮ್ಮ ಬಹುಪಾಲು ಕೆಲಸ ಮಾದರಿಯಿಂದ ಮಾದರಿಗೆ ಸ್ವತಂತ್ರವಾದದ್ದು: ನಲವತ್ತು ಗಿಡಗಳ ತುಣುಕುಗಳನ್ನು ಜೀನೋಮ್‌ಗೆ ಹೊಂದಿಸುವಾಗ ಒಂದು ಗಿಡದ ಲೆಕ್ಕ ಇನ್ನೊಂದಕ್ಕಾಗಿ ಕಾಯಬೇಕಾಗಿಲ್ಲ. ಆದ್ದರಿಂದ ಒಂದು ಕೆಲಸಕ್ಕೆ ಸಾವಿರ ಕೋರ್ ಕೇಳುವ ಬದಲು ಎಂಟೆಂಟು ಕೋರ್‌ಗಳ ನಲವತ್ತು ಕೆಲಸಗಳನ್ನು ಒಟ್ಟಿಗೆ ಸರದಿಗೆ ಸೇರಿಸುವುದು ಹೆಚ್ಚು ಫಲ ಕೊಡುತ್ತದೆ, ಮತ್ತು ಚಿಕ್ಕ ಕೆಲಸಗಳಿಗೆ ಸರದಿಯಲ್ಲಿ ಜಾಗವೂ ಬೇಗ ಸಿಗುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಎಲ್ಲಿ?

ಲಾಗಿನ್ ನೋಡ್‌ನಲ್ಲೇ ಭಾರವಾದ ಕೆಲಸ ಓಡಿಸುವುದು ಮೊದಲನೆಯದು. ಲಾಗಿನ್ ನೋಡ್ ಎಂದರೆ ನೂರಾರು ಬಳಕೆದಾರರು ಒಳಬಂದು ಒಟ್ಟಿಗೆ ನಿಲ್ಲುವ ಯಂತ್ರ. ಅಲ್ಲಿ ಒಬ್ಬರು ಜೀನೋಮ್ ಜೋಡಿಸಲು ಹೊರಟರೆ ಉಳಿದವರಿಗೆ ಕಡತದ ಪಟ್ಟಿ ನೋಡುವುದೂ ಕಷ್ಟವಾಗುತ್ತದೆ, ಮತ್ತು ನಿರ್ವಾಹಕರು ಆ ಕೆಲಸವನ್ನು ನಿಲ್ಲಿಸುತ್ತಾರೆ. ಲೆಕ್ಕಾಚಾರವೆಲ್ಲ ಸ್ಲರ್ಮ್‌ನಂಥ ಸರದಿ ವ್ಯವಸ್ಥೆಯ ಮೂಲಕವೇ ಲೆಕ್ಕಾಚಾರಕ್ಕೆಂದು ಇರುವ ಯಂತ್ರಗಳಾದ ಕಂಪ್ಯೂಟ್ ನೋಡ್‌ಗಳಿಗೆ ಹೋಗಬೇಕು.

ಎರಡನೆಯದು ಸಂಪನ್ಮೂಲಗಳ ಬೇಡಿಕೆ. ಮೆಮೊರಿ ಕಡಿಮೆ ಕೇಳಿದರೆ ಕೆಲಸ ಅರ್ಧದಲ್ಲಿ ಸಾಯುತ್ತದೆ, ಸಮಯ ಕಡಿಮೆ ಕೇಳಿದರೆ ಗಡುವು ಮುಗಿದ ಕೂಡಲೇ ನಿಲ್ಲುತ್ತದೆ, ಎರಡನ್ನೂ ಅತಿಯಾಗಿ ಕೇಳಿದರೆ ಸರದಿಯಲ್ಲೇ ದಿನಗಳು ಕಳೆಯುತ್ತವೆ. ಕೆಲಸ ಮುಗಿದ ನಂತರ ಅದು ನಿಜವಾಗಿ ಎಷ್ಟು ಬಳಸಿತು ಎಂಬ ಲೆಕ್ಕವನ್ನು ಸ್ಲರ್ಮ್ ಇಟ್ಟಿರುತ್ತದೆ. ಅದನ್ನು ನೋಡಿ ಮುಂದಿನ ಬಾರಿ ಸ್ವಲ್ಪ ಹೆಚ್ಚುವರಿ ಸೇರಿಸಿ ಕೇಳುವ ಅಭ್ಯಾಸ ಬೇಕು.

ಸ್ಕ್ರ್ಯಾಚ್ ಎಂಬ ತಾತ್ಕಾಲಿಕ ಜಾಗವನ್ನು ಶಾಶ್ವತವೆಂದು ನಂಬುವುದು ಮೂರನೆಯದು. ವೇಗವಾಗಿ ಓದಿ ಬರೆಯಲೆಂದು ಇರುವ ಈ ಜಾಗದಲ್ಲಿ ಬಹುಕಾಲ ಮುಟ್ಟದ ಕಡತಗಳನ್ನು ಅನೇಕ ಕೇಂದ್ರಗಳು ತಾವಾಗಿಯೇ ಅಳಿಸುತ್ತವೆ, ಮತ್ತು ಅಲ್ಲಿಗೆ ಬ್ಯಾಕಪ್ ಇರುವುದಿಲ್ಲ.

ಕಂಟೇನರ್ ಎಂದರೇನು? ತಂತ್ರಾಂಶವನ್ನು ನೇರವಾಗಿ ಇನ್‌ಸ್ಟಾಲ್ ಮಾಡಿಕೊಂಡರೆ ಸಾಲದೇ?

ಒಂದು ತಂತ್ರಾಂಶ, ಅದಕ್ಕೆ ಬೇಕಾದ ಲೈಬ್ರರಿಗಳು, ಅವುಗಳ ನಿರ್ದಿಷ್ಟ ಆವೃತ್ತಿಗಳು, ವ್ಯವಸ್ಥೆಯ ಅಗತ್ಯ ಭಾಗಗಳು, ಇವೆಲ್ಲವನ್ನೂ ಒಂದೇ ಕಡತವಾಗಿ ಕಟ್ಟಿಟ್ಟರೆ ಅದು ಕಂಟೇನರ್ ಇಮೇಜ್. ಆ ಕಡತವನ್ನು ಬೆಂಗಳೂರಿಗೆ ಒಯ್ದರೂ ಪುಣೆಗೆ ಒಯ್ದರೂ ಒಳಗಿರುವ ತಂತ್ರಾಂಶ ಅದೇ ಆಗಿರುತ್ತದೆ.

ನೇರ ಇನ್‌ಸ್ಟಾಲ್ ಏಕೆ ಸಾಲದು ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಜೀವವಿಜ್ಞಾನಿಗಳು ನಿತ್ಯ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾದೃಚ್ಛಿಕ ಆಯ್ಕೆಗೆ ಬೀಜಸಂಖ್ಯೆಯೊಂದನ್ನು ಕೊಟ್ಟರೆ ಪ್ರತಿ ಬಾರಿಯೂ ಅದೇ ಆಯ್ಕೆ ಬರುತ್ತದೆ, ಹಾಗೆಂದು ನಾವೆಲ್ಲ ನಂಬಿ ಬರೆಯುತ್ತೇವೆ. ಆದರೆ 2019ರಲ್ಲಿ ಬಂದ 3.6.0 ಆವೃತ್ತಿಯಲ್ಲಿ ಸ್ಯಾಂಪಲ್ ಎಂಬ ಕ್ರಿಯೆಯ ಒಳವಿಧಾನವನ್ನು ಬದಲಿಸಲಾಯಿತು. ಹಿಂದಿನ ವಿಧಾನದಲ್ಲಿದ್ದ ಸಣ್ಣ ಅಸಮತೋಲನವನ್ನು ಸರಿಪಡಿಸಲು ಮಾಡಿದ ಆ ಬದಲಾವಣೆ ಸರಿಯಾದದ್ದೇ. ಪರಿಣಾಮವೆಂದರೆ, ನೂರು ಮೆಣಸಿನ ಬಳ್ಳಿಗಳಲ್ಲಿ ಇಪ್ಪತ್ತನ್ನು ಆರಿಸುವ ಅದೇ ಸಾಲು, ಅದೇ ಬೀಜಸಂಖ್ಯೆ, ಹಳೆಯ ಮತ್ತು ಹೊಸ ಆವೃತ್ತಿಗಳಲ್ಲಿ ಬೇರೆ ಬೇರೆ ಬಳ್ಳಿಗಳನ್ನು ಆರಿಸುತ್ತದೆ. ಪ್ರಬಂಧದಲ್ಲಿ ‘ಆರ್ ಬಳಸಲಾಯಿತು’ ಎಂದಷ್ಟೇ ಬರೆದವರ ಫಲಿತಾಂಶವನ್ನು ಇನ್ನೊಬ್ಬರು ಮರಳಿ ಪಡೆಯಲಾಗದೆ ಹೋದಾಗ ತಪ್ಪು ಯಾರದೂ ಅಲ್ಲ. ಆವೃತ್ತಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ, ಅಷ್ಟೇ.

ಇನ್ನೊಂದು ಕಾರಣ ಸೂಪರ್‌ಕಂಪ್ಯೂಟರ್‌ಗೇ ಸೇರಿದ್ದು. ಕೊಂಡಾ ಎಂಬ ಇನ್‌ಸ್ಟಾಲ್ ಉಪಕರಣದ ಮೂಲಕ ಕೆಲವು ತಂತ್ರಾಂಶಗಳನ್ನು ಹಾಕಿಕೊಂಡರೆ ಹತ್ತಾರು ಸಾವಿರ ಚಿಕ್ಕ ಚಿಕ್ಕ ಕಡತಗಳು ಸೃಷ್ಟಿಯಾಗುತ್ತವೆ. ಲಸ್ಟರ್‌ನಂಥ ಸಮಾನಾಂತರ ಕಡತ ವ್ಯವಸ್ಥೆಗಳು ದೊಡ್ಡ ಕಡತಗಳನ್ನು ವೇಗವಾಗಿ ಓದಲು ರೂಪುಗೊಂಡವು. ಚಿಕ್ಕ ಕಡತಗಳ ರಾಶಿ ಅವುಗಳನ್ನು ನಿಧಾನಗೊಳಿಸುತ್ತದೆ ಮತ್ತು ನಿಮಗೆ ಕೊಟ್ಟ ಕಡತಗಳ ಸಂಖ್ಯೆಯ ಮಿತಿಯನ್ನೂ ಬೇಗ ತುಂಬಿಸುತ್ತದೆ. ಅದೇ ತಂತ್ರಾಂಶಗಳು ಕಂಟೇನರ್‌ನಲ್ಲಿದ್ದರೆ ಒಂದೇ ಕಡತ.

ಡಾಕರ್ ಕಲಿಯಬೇಕೇ, ಆಪ್‌ಟೇನರ್ ಕಲಿಯಬೇಕೇ?

ಎರಡನ್ನೂ, ಬೇರೆ ಬೇರೆ ಕೆಲಸಕ್ಕಾಗಿ. ಡಾಕರ್ 2013ರಲ್ಲಿ ಬಂದು ಕಂಟೇನರ್‌ಗಳನ್ನು ಎಲ್ಲೆಡೆ ಬಳಕೆಗೆ ತಂದಿತು. ಆದರೆ ಅದರ ರೂಢಿಯ ವ್ಯವಸ್ಥೆಯಲ್ಲಿ ಹಿನ್ನೆಲೆಯ ಸೇವೆಯೊಂದು ಯಂತ್ರದ ಮೇಲಿನ ಪೂರ್ಣ ಅಧಿಕಾರದೊಂದಿಗೆ ಓಡುತ್ತಿರುತ್ತದೆ. ನೂರಾರು ಜನ ಹಂಚಿಕೊಳ್ಳುವ ಸೂಪರ್‌ಕಂಪ್ಯೂಟರ್‌ನಲ್ಲಿ ಒಬ್ಬ ಬಳಕೆದಾರರಿಗೆ ಅಂಥ ದಾರಿ ತೆರೆದುಕೊಡುವುದು ಅಪಾಯಕರವಾದ್ದರಿಂದ ಬಹುತೇಕ ಕೇಂದ್ರಗಳು ಅದನ್ನು ಅನುಮತಿಸುವುದಿಲ್ಲ. ಈ ತೊಡಕನ್ನು ಬಿಡಿಸಲೆಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಸಿಂಗ್ಯುಲಾರಿಟಿ ರೂಪುಗೊಂಡಿತು. ಅದರಲ್ಲಿ ಕಂಟೇನರ್ ಒಳಗೂ ನೀವು ಹೊರಗಿದ್ದ ಬಳಕೆದಾರರೇ ಆಗಿರುತ್ತೀರಿ, ಹೆಚ್ಚಿನ ಅಧಿಕಾರ ಸಿಗುವುದಿಲ್ಲ. ಆ ಯೋಜನೆ 2021ರಲ್ಲಿ ಲಿನಕ್ಸ್ ಫೌಂಡೇಶನ್‌ಗೆ ಸೇರಿ ಆಪ್‌ಟೇನರ್ ಎಂಬ ಹೆಸರು ಪಡೆಯಿತು. ಡಾಕರ್ ಇಮೇಜ್‌ಗಳನ್ನು ಆಪ್‌ಟೇನರ್ ತನ್ನ ರೂಪಕ್ಕೆ ಪರಿವರ್ತಿಸಿಕೊಳ್ಳುವುದರಿಂದ ಲ್ಯಾಪ್‌ಟಾಪ್‌ನಲ್ಲಿ ಡಾಕರ್‌ನಿಂದ ಕಟ್ಟಿ, ಸೂಪರ್‌ಕಂಪ್ಯೂಟರ್‌ನಲ್ಲಿ ಆಪ್‌ಟೇನರ್‌ನಿಂದ ಓಡಿಸುವುದು ರೂಢಿಯಲ್ಲಿದೆ. ನೀವು ಬಳಸುವ ತಂತ್ರಾಂಶಕ್ಕೆ ಬಯೋಕಂಟೇನರ್ಸ್ ಸಂಗ್ರಹದಲ್ಲಿ ಸಿದ್ಧ ಇಮೇಜ್ ಬಹುಮಟ್ಟಿಗೆ ಸಿಗುತ್ತದೆ, ಆದ್ದರಿಂದ ಕಟ್ಟುವ ಮುನ್ನ ಹುಡುಕಿ.

ಕಂಟೇನರ್ ಬಳಸಿದರೆ ಫಲಿತಾಂಶ ಎಂದೆಂದಿಗೂ ಒಂದೇ ಬರುತ್ತದೆ ಎಂಬ ಭರವಸೆ ಇದೆಯೇ?

ಇಲ್ಲ, ಮತ್ತು ಈ ಮಿತಿಯನ್ನು ತಿಳಿಯದೆ ಕಂಟೇನರ್ ಕಲಿತರೆ ಅರ್ಧ ಕಲಿತಂತೆ. ಇಮೇಜಿನ ಹೆಸರಿನ ಕೊನೆಗೆ ‘ಲೇಟೆಸ್ಟ್’ ಎಂಬ ಗುರುತು ಹಾಕಿ ತರಿಸಿಕೊಂಡರೆ ಇಂದು ಬಂದದ್ದೇ ಮುಂದಿನ ವರ್ಷವೂ ಬರುತ್ತದೆ ಎನ್ನಲಾಗದು. ಆವೃತ್ತಿಯ ಸಂಖ್ಯೆಯನ್ನು, ಸಾಧ್ಯವಾದರೆ ಇಮೇಜಿನ ಡೈಜೆಸ್ಟನ್ನೂ (ಒಳಗಿನದರಿಂದ ಲೆಕ್ಕಹಾಕಿದ ವಿಶಿಷ್ಟ ಗುರುತು) ಬರೆದಿಡಬೇಕು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಮತ್ತು ಗ್ರಾಫಿಕ್ಸ್ ಪ್ರೊಸೆಸರ್‌ನ ಡ್ರೈವರ್ ಕಂಟೇನರ್ ಒಳಗಿರುವುದಿಲ್ಲ, ಅವು ಯಂತ್ರಕ್ಕೆ ಸೇರಿದವು. ಹೊಸ ಮ್ಯಾಕ್ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಆರ್ಮ್ ಜಾತಿಯದಾದ್ದರಿಂದ ಅದರಲ್ಲಿ ಸುಮ್ಮನೆ ಕಟ್ಟಿದ ಇಮೇಜು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ಗಳ ಸೂಪರ್‌ಕಂಪ್ಯೂಟರ್‌ನಲ್ಲಿ ಓಡುವುದಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ಕಂಟೇನರ್ ತಂತ್ರಾಂಶವನ್ನು ಹಿಡಿದಿಡುತ್ತದೆಯೇ ಹೊರತು ನೀವು ಯಾವ ಕ್ರಮದಲ್ಲಿ, ಯಾವ ಆಯ್ಕೆಗಳೊಂದಿಗೆ ಅದನ್ನು ಓಡಿಸಿದಿರಿ ಎಂಬುದನ್ನಲ್ಲ. ಆ ಕ್ರಮವನ್ನು ದಾಖಲಿಸಲು ನೆಕ್ಸ್ಟ್‌ಫ್ಲೋ ಅಥವಾ ಸ್ನೇಕ್‌ಮೇಕ್ ಇವೆ. ತರಬೇತಿಯ ಕೊನೆಯ ಭಾಗದಲ್ಲಿ ಒಂದನ್ನು ಪರಿಚಯಿಸುತ್ತೇವೆ.

ದತ್ತಾಂಶ ನಿರ್ವಹಣೆಗೆ ಅಷ್ಟು ಸಮಯ ಏಕೆ? ಅದು ಕಡತಗಳನ್ನು ಸರಿಯಾಗಿ ಇಟ್ಟುಕೊಳ್ಳುವುದಷ್ಟೇ ಅಲ್ಲವೇ?

ಸರಿಯಾಗಿ ಇಟ್ಟುಕೊಳ್ಳುವುದು ಎಂದರೆ ಏನೆಂದು ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ. ಒಂದು ಕಿತ್ತಳೆ ಎಲೆಯ ಮಾದರಿಯ ಹಾದಿಯನ್ನು ನೋಡಿ. ತೋಟದಲ್ಲಿ ಕವರಿನ ಮೇಲೆ ಪೆನ್ನಿನಿಂದ ಒಂದು ಸಂಖ್ಯೆ. ಜಿನುಗುವ ಮಳೆಗೆ ಅದರ ಶಾಯಿ ಅರ್ಧ ಅಳಿಸಿರುತ್ತದೆ. ಫ್ರೀಜರ್‌ನಲ್ಲಿ ಡಬ್ಬಿಗೆ ಇನ್ನೊಂದು ಸಂಖ್ಯೆ, ಸೀಕ್ವೆನ್ಸಿಂಗ್‌ಗೆ ಕಳುಹಿಸುವಾಗ ಮೂರನೆಯದು, ಮರಳಿ ಬಂದ ಕಡತದಲ್ಲಿ ಆ ಪ್ರಯೋಗಾಲಯದವರು ಕೊಟ್ಟ ನಾಲ್ಕನೆಯದು. ಈ ನಾಲ್ಕೂ ಒಂದೇ ಗಿಡಕ್ಕೆ ಸೇರಿದವು ಎಂಬ ಜ್ಞಾನ ಒಬ್ಬ ವಿದ್ಯಾರ್ಥಿಯ ನೆನಪಿನಲ್ಲಿ ಮಾತ್ರ ಇದ್ದು, ಅವರು ಕೆಲಸ ಸಿಕ್ಕಿ ಹೊರಟುಹೋದರೆ ಲಕ್ಷಾಂತರ ರೂಪಾಯಿ ಸುರಿದು ಪಡೆದ ದತ್ತಾಂಶ ಅನಾಥವಾಗುತ್ತದೆ.

ಆದ್ದರಿಂದ ಮೊದಲ ದಿನ ಕಂಪ್ಯೂಟರ್‌ಗೂ ಮುಂಚೆ ಕಾಗದದ ಮೇಲೆ ಒಂದು ಮಾದರಿ ಪಟ್ಟಿಯನ್ನು ವಿನ್ಯಾಸಗೊಳಿಸುತ್ತೇವೆ. ಒಂದು ಗಿಡಕ್ಕೆ ಎಲ್ಲ ಹಂತಗಳಲ್ಲೂ ಒಂದೇ ಗುರುತು, ಮಾದರಿ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ತಳಿ, ನೆರಳಿನ ಮರ, ತೆಗೆದವರ ಹೆಸರು, ದಿನಾಂಕ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-04-03 ಎಂದು ಬರೆಯಿಸುತ್ತೇವೆ. 03-04-2024 ಎಂದು ಬರೆದರೆ ಒಬ್ಬರಿಗೆ ಅದು ಏಪ್ರಿಲ್, ಇನ್ನೊಬ್ಬರಿಗೆ ಮಾರ್ಚ್. ಕಾಫಿ ಹೂ ಬಿಡುವ ಕಾಲದ ಅಧ್ಯಯನದಲ್ಲಿ ಒಂದು ತಿಂಗಳ ವ್ಯತ್ಯಾಸ ಇಡೀ ತೀರ್ಮಾನವನ್ನೇ ಕೆಡಿಸುತ್ತದೆ. ಕಡತಗಳ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ, ಏಕೆಂದರೆ ಕಮಾಂಡ್ ಲೈನ್‌ನಲ್ಲಿ ಖಾಲಿ ಜಾಗ ಬಂದಲ್ಲಿ ಒಂದು ಹೆಸರು ಎರಡಾಗಿ ಒಡೆಯುತ್ತದೆ.

ಇದಕ್ಕೆಲ್ಲ ಒಂದು ಚೌಕಟ್ಟು ಕೊಡುವುದು 2016ರಲ್ಲಿ ಪ್ರಕಟವಾದ ಫೇರ್ ತತ್ವಗಳು: ದತ್ತಾಂಶ ಹುಡುಕಿದರೆ ಸಿಗಬೇಕು, ಪಡೆಯುವ ದಾರಿ ಸ್ಪಷ್ಟವಿರಬೇಕು, ಬೇರೆ ದತ್ತಾಂಶದೊಂದಿಗೆ ಹೊಂದಿಕೊಳ್ಳಬೇಕು, ಮತ್ತೆ ಬಳಸುವಂತಿರಬೇಕು.

ಎಕ್ಸೆಲ್ ಬಳಸಬಾರದೇ?

ಬಳಸಬಹುದು, ಎಚ್ಚರದಿಂದ. ಮಾನವ ಜೀನ್‌ಗಳ ಪೈಕಿ ಮಾರ್ಚ್1, ಸೆಪ್ಟ್2 ಮೊದಲಾದ ಹೆಸರುಗಳನ್ನು ಎಕ್ಸೆಲ್ ತಾನಾಗಿಯೇ ದಿನಾಂಕಗಳಾಗಿ ಬದಲಿಸುತ್ತಿತ್ತು. ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದನೆಯ ಒಂದು ಭಾಗದಲ್ಲಿ ಇಂಥ ತಪ್ಪುಗಳಿವೆಯೆಂದು 2016ರ ಅಧ್ಯಯನವೊಂದು ತೋರಿಸಿತು, ಮತ್ತು 2020ರ ಹೊತ್ತಿಗೆ ನಾಮಕರಣ ಸಮಿತಿ ಆ ಜೀನ್‌ಗಳ ಹೆಸರನ್ನೇ ಬದಲಿಸಿತು. ಮೂಲ ದತ್ತಾಂಶವನ್ನು ಸರಳ ಪಠ್ಯದ ಕಡತವಾಗಿ, ಓದಲು ಮಾತ್ರ ಅನುಮತಿಯಿರುವಂತೆ ಇಟ್ಟು, ಅದರ ಪ್ರತಿಯೊಂದನ್ನು ಎಕ್ಸೆಲ್‌ನಲ್ಲಿ ತೆರೆಯಿರಿ.

ದತ್ತಾಂಶದ ಎಷ್ಟು ಪ್ರತಿಗಳಿರಬೇಕು?

ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದು ಬೇರೆ ಊರಿನಲ್ಲಿ. 2018ರ ಆಗಸ್ಟಿನಲ್ಲಿ ಭೂಕುಸಿತಗಳನ್ನು ಕಂಡ ಜಿಲ್ಲೆಯವರಿಗೆ ಬೇರೆ ಊರು ಏಕೆಂದು ವಿವರಿಸಬೇಕಾಗಿಲ್ಲ. ಮಳೆಗಾಲದ ತೇವಕ್ಕೆ ಬೀರುವಿನಲ್ಲಿಟ್ಟ ಹಾರ್ಡ್ ಡಿಸ್ಕ್ ಕೆಡುವುದೂ ಉಂಟು. ಪ್ರತಿ ಮಾಡಿದ ಮೇಲೆ ಎರಡೂ ಕಡೆಯ ಚೆಕ್‌ಸಮ್ (ಕಡತದ ಒಳಗಿನದರಿಂದ ಲೆಕ್ಕಹಾಕಿದ ಸಂಖ್ಯೆ) ಹೋಲಿಸಿ ನೋಡಿ. ಕಡತದ ಗಾತ್ರ ಒಂದೇ ಇದ್ದ ಮಾತ್ರಕ್ಕೆ ಒಳಗಿನದು ಒಂದೇ ಎನ್ನಲಾಗದು.

ದತ್ತಾಂಶವನ್ನು ಸಾರ್ವಜನಿಕವಾಗಿ ಕೊಡಲೇಬೇಕೇ? ಎಲ್ಲಿ ಕೊಡಬೇಕು?

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2021ರಲ್ಲಿ ಜೈವಿಕ ದತ್ತಾಂಶ ಹಂಚಿಕೆಯ ಬಯೋಟೆಕ್-ಪ್ರೈಡ್ ಮಾರ್ಗಸೂಚಿಗಳನ್ನು ಹೊರಡಿಸಿತು, ಮತ್ತು ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರಲ್ಲಿ ಉದ್ಘಾಟನೆಗೊಂಡಿತು. ಸಾರ್ವಜನಿಕ ಹಣದಿಂದ ಉತ್ಪನ್ನವಾದ ಜೈವಿಕ ದತ್ತಾಂಶವನ್ನು ದೇಶದೊಳಗೇ ಸುರಕ್ಷಿತವಾಗಿಟ್ಟು ಹಂಚಿಕೊಳ್ಳುವುದು ಅದರ ಉದ್ದೇಶ. ಅಲ್ಲಿ ಸುಮಾರು ನಾಲ್ಕು ಪೆಟಾಬೈಟ್ ಸಂಗ್ರಹ ಸಾಮರ್ಥ್ಯವೂ ಬ್ರಹ್ಮ ಹೆಸರಿನ ಉನ್ನತ ಸಾಮರ್ಥ್ಯದ ಕಂಪ್ಯೂಟರ್ ವ್ಯವಸ್ಥೆಯೂ ಇವೆ. ಅನುಕ್ರಮ ದತ್ತಾಂಶವನ್ನು ಅಲ್ಲಿಗೆ ಸಲ್ಲಿಸಬಹುದು. ಅಂತಾರಾಷ್ಟ್ರೀಯ ಮಟ್ಟದಲ್ಲಿ ಅಮೆರಿಕ, ಯುರೋಪ್ ಮತ್ತು ಜಪಾನಿನ ದತ್ತಾಂಶ ಭಂಡಾರಗಳು ಒಂದಕ್ಕೊಂದು ದತ್ತಾಂಶ ವಿನಿಮಯ ಮಾಡಿಕೊಳ್ಳುತ್ತವೆ.

ಆದರೆ ಫೇರ್ ಎಂದರೆ ಎಲ್ಲವನ್ನೂ ತೆರೆದಿಡುವುದಲ್ಲ, ಮತ್ತು ಈ ವಿಷಯದಲ್ಲಿ ನಮಗೆ ದೃಢವಾದ ಅಭಿಪ್ರಾಯವಿದೆ. ದೇವರಕಾಡಿನಲ್ಲಿ ಅಪರೂಪದ ಔಷಧ ಸಸ್ಯವೊಂದು ಸಿಕ್ಕಿದರೆ ಅದರ ನಿಖರ ಅಕ್ಷಾಂಶ ರೇಖಾಂಶವನ್ನು ಪ್ರಕಟಿಸುವುದು ಆ ಸಸ್ಯವನ್ನು ಕೀಳುವವರಿಗೆ ದಾರಿ ತೋರಿಸಿದಂತೆ. ಪ್ರಕಟಿಸುವ ಪ್ರತಿಯಲ್ಲಿ ತಾಲ್ಲೂಕಿನ ಹೆಸರಷ್ಟೇ ಸಾಕು. ದೇವರಕಾಡನ್ನು ಪ್ರವೇಶಿಸುವ ಮುನ್ನ ಅರಣ್ಯ ಇಲಾಖೆಯ ಅನುಮತಿಯ ಜೊತೆಗೆ ಊರಿನ ತಕ್ಕಮುಖ್ಯಸ್ಥರನ್ನೂ ದೇವಸ್ಥಾನ ಸಮಿತಿಯನ್ನೂ ಕಂಡು, ಏನು ತೆಗೆಯುತ್ತೇವೆ, ಅದರಿಂದ ಬಂದ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಸಬೇಕು. ಬೆಳೆಗಾರರ ತೋಟದ ಹೆಸರು ಮತ್ತು ಇಳುವರಿಯ ಅಂಕಿಗಳು ಅವರ ಒಪ್ಪಿಗೆಯಿಲ್ಲದೆ ಹೊರಹೋಗಬಾರದು. ರೋಗಿಗಳ ದತ್ತಾಂಶವಾದರೆ ನೈತಿಕ ಸಮಿತಿಯ ಅನುಮತಿ, ಗುರುತು ಅಳಿಸುವಿಕೆ ಮತ್ತು ನಿಯಂತ್ರಿತ ಪ್ರವೇಶ, ಈ ಮೂರೂ ಅನಿವಾರ್ಯ. ಜೈವಿಕ ಸಂಪನ್ಮೂಲಗಳಿಗೆ 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ. ವಿದೇಶಿ ಸಹಭಾಗಿಗಳಿದ್ದರೆ ಅಥವಾ ಪೇಟೆಂಟ್ ಪಡೆಯುವ ಉದ್ದೇಶವಿದ್ದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಯೋಜನೆಯ ಆರಂಭದಲ್ಲೇ ಓದಿ.

ಕಮಾಂಡ್ ಲೈನ್ ಕಂಡರೆ ಭಯ. ಬೇರೆ ದಾರಿ ಇಲ್ಲವೇ?

ಗ್ಯಾಲಕ್ಸಿ ಎಂಬ ಉಚಿತ ವೇದಿಕೆಯಲ್ಲಿ ಬ್ರೌಸರ್‌ನಲ್ಲೇ ಕ್ಲಿಕ್ ಮಾಡುತ್ತ ಬಹಳಷ್ಟು ವಿಶ್ಲೇಷಣೆ ಮಾಡಬಹುದು, ಮತ್ತು ಪ್ರತಿ ಹಂತದ ಇತಿಹಾಸವನ್ನು ಅದು ತಾನೇ ದಾಖಲಿಸುತ್ತದೆ. ಪದವಿ ತರಗತಿಗಳಲ್ಲಿ ಕಲಿಸುವವರಿಗೆ ಅದನ್ನೇ ಮೊದಲು ಸೂಚಿಸುತ್ತೇವೆ. ಆದರೂ ಟರ್ಮಿನಲ್‌ನ ಇಪ್ಪತ್ತು ಇಪ್ಪತ್ತೈದು ಆಜ್ಞೆಗಳನ್ನು ಕಲಿತವರಿಗೆ ತೆರೆದುಕೊಳ್ಳುವ ದಾರಿಗಳು ಹೆಚ್ಚು. ದಿನಕ್ಕೆ ಅರ್ಧ ಗಂಟೆ ಕೈ ಆಡಿಸಿದರೆ ಕೆಲವೇ ವಾರಗಳಲ್ಲಿ ಭಯ ಹೋಗುತ್ತದೆ.

ತರಬೇತಿ ಯಾವ ಭಾಷೆಯಲ್ಲಿ ಇರುತ್ತದೆ?

ವಿವರಣೆ ಮತ್ತು ಚರ್ಚೆ ಕನ್ನಡದಲ್ಲಿ, ಆಜ್ಞೆಗಳು ಮತ್ತು ದೋಷಸಂದೇಶಗಳು ಅವು ಇರುವ ಇಂಗ್ಲಿಷಿನಲ್ಲೇ. ದೋಷಸಂದೇಶವನ್ನು ಪೂರ್ತಿ ಓದಿ, ಅದು ಏನು ಹೇಳುತ್ತಿದೆ ಎಂದು ಕನ್ನಡದಲ್ಲಿ ಪಕ್ಕದವರಿಗೆ ವಿವರಿಸುವ ಅಭ್ಯಾಸ ಪ್ರತಿದಿನ ಇರುತ್ತದೆ. ಕೊಡವ, ಅರೆಭಾಷೆ ಅಥವಾ ಮಲಯಾಳ ಮಾತಾಡುವವರು ತಮ್ಮತಮ್ಮಲ್ಲಿ ಆ ಭಾಷೆಯಲ್ಲೇ ಚರ್ಚಿಸಬಹುದು.

ಬರುವಾಗ ಏನು ತರಬೇಕು?

ನಿಮ್ಮದೇ ದತ್ತಾಂಶ ತನ್ನಿ. ಬೇರೆಯವರ ಉದಾಹರಣೆಯಲ್ಲಿ ಕಲಿತದ್ದು ಊರಿಗೆ ಮರಳುವ ಹೊತ್ತಿಗೆ ಮರೆತುಹೋಗುತ್ತದೆ. ಸ್ವಂತ ದತ್ತಾಂಶದ ಮೇಲೆ ಕಲಿತದ್ದು ಮುಂದಿನ ಪ್ರಬಂಧಕ್ಕೆ ನೇರವಾಗಿ ಒದಗುತ್ತದೆ. ಪೂರ್ತಿ ಟೆರಾಬೈಟ್ ಬೇಡ, ಒಂದೆರಡು ಮಾದರಿಗಳ ಫಾಸ್ಟ್‌ಕ್ಯೂ ಕಡತಗಳಿಂದ (ಸೀಕ್ವೆನ್ಸಿಂಗ್‌ನಿಂದ ಬರುವ ಮೂಲ ಕಡತಗಳು) ಹತ್ತು ಲಕ್ಷ ತುಣುಕುಗಳಷ್ಟು ಆರಿಸಿಕೊಂಡು ಬಂದರೆ ಸಾಕು. ಇನ್ನೂ ಸೀಕ್ವೆನ್ಸಿಂಗ್ ಮಾಡಿಸಿರದಿದ್ದರೆ ಕ್ಷೇತ್ರಕಾರ್ಯದ ನೋಟ್‌ಪುಸ್ತಕವನ್ನೇ ತನ್ನಿ, ಮೊದಲ ದಿನದ ಕೆಲಸಕ್ಕೆ ಅದು ಇನ್ನೂ ಒಳ್ಳೆಯದು. ರೋಗಿಗಳ ಗುರುತಿರುವ ಯಾವ ಕಡತವನ್ನೂ ತರಬೇಡಿ. ಲ್ಯಾಪ್‌ಟಾಪ್ ಎಂಟು ಗಿಗಾಬೈಟ್ ಮೆಮೊರಿಯದಾದರೆ ಸಾಕು. ವಿಂಡೋಸ್ ಇದ್ದವರು ಅದರೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಅನ್ನು ಮುಂಚಿತವಾಗಿ ಹಾಕಿಕೊಳ್ಳಬೇಕು, ಏಕೆಂದರೆ ತರಗತಿಯಲ್ಲಿ ಎಲ್ಲರೂ ಒಮ್ಮೆಗೇ ಅದನ್ನು ಇಳಿಸಿಕೊಳ್ಳಲು ಹೊರಟರೆ ಬೆಳಗಿನ ಅವಧಿಯೆಲ್ಲ ಅದಕ್ಕೇ ಹೋಗುತ್ತದೆ. ಸೂಪರ್‌ಕಂಪ್ಯೂಟರ್ ಖಾತೆಯ ಅರ್ಜಿಗೆ ಮಾರ್ಗದರ್ಶಕರ ಸಹಿ ಬೇಕಾಗುವುದರಿಂದ ಅದನ್ನು ಹೊರಡುವ ಮೊದಲೇ ಪಡೆದುಕೊಂಡಿರಿ.